‘ಖುಷಿಲೆ ಹೋಗ್ತಾರ’ ಎನ್ನುವವರಿಗೆ

ಮುಂಗಡ ಕೊಟ್ಟು ಗುಳೆ ಕರೆದೊಯ್ದವರನ್ನು ಸಾಲ ಹರಿಯುವ ತನಕ ಊರಿಗೆ ಬಿಡದೆ ದುಡಿಸುವುದು ಮಾನವ ಕಳ್ಳಸಾಗಣೆ ಎಂದು ಶಹಾಪುರದ ಸಭೆಯೊಂದರಲ್ಲಿ ಹೇಳಿದೆ. ಕೆಲವರು ನಕ್ಕರು. ಹಿಂದಿನ ಸಾಲಿನಿಂದ ಒಬ್ಬರು ಎದ್ದು, “ಅವ್ರೇ ಖುಷಿಲೆ ಹೋಗ್ತಾರ್ರೀ ವಕೀಲ್ರೇ, ಯಾರರೆ ಕೈಕಾಲು ಕಟ್ಟಿ ಒಯ್ದಾರೇನು?” ಎಂದರು. ಆಮೇಲೆ ಚಹಾದಂಗಡಿಯಲ್ಲಿ, ಕೋರ್ಟಿನ ಆವರಣದಲ್ಲಿ ಇನ್ನಷ್ಟು ಮಾತು ಕೇಳಿದೆ. ಎಲ್ಲಕ್ಕೂ ಇಲ್ಲೇ ಉತ್ತರಿಸುತ್ತೇನೆ.

ಆ ನಗುವಿನಲ್ಲಿ ನಮ್ಮ ಭಾಷೆಯದ್ದೂ ಸ್ವಲ್ಪ ತಪ್ಪಿದೆ. ಕಳ್ಳಸಾಗಣೆ ಎಂದೊಡನೆ ಗಂಧದ ತುಂಡು, ಬಂಗಾರದ ಬಿಸ್ಕತ್ತು, ನಡುರಾತ್ರಿಯ ಲಾರಿ ಕಣ್ಮುಂದೆ ಬರುತ್ತವೆ. ಜೋಳದ ಚೀಲ, ಕೊಡ, ಕೂಸುಗಳೊಂದಿಗೆ ಎಲ್ಲರ ಎದುರೇ ಬೆಂಗಳೂರು ಬಸ್ಸು ಹತ್ತುವ ಕುಟುಂಬ ಆ ಚಿತ್ರದಲ್ಲಿ ಹಿಡಿಸುವುದಿಲ್ಲ. ಆದರೆ ಕದ್ದುಮುಚ್ಚಿ ಸಾಗಿಸಿರಬೇಕು ಎಂಬ ಷರತ್ತು ಭಾರತೀಯ ನ್ಯಾಯ ಸಂಹಿತೆಯ 143ನೇ ಕಲಮಿನಲ್ಲಿ ಇಲ್ಲ. ಶೋಷಣೆಗಾಗಿ ಆಳು ಸೇರಿಸುವುದು, ಸಾಗಿಸುವುದು, ಇರಿಸಿಕೊಳ್ಳುವುದು, ಇನ್ನೊಬ್ಬರಿಗೆ ಒಪ್ಪಿಸುವುದು, ಪಡೆದುಕೊಳ್ಳುವುದು – ಇವುಗಳಲ್ಲಿ ಯಾವುದನ್ನು ಮಾಡಿದರೂ ಅಪರಾಧವೇ. ಬೆದರಿಕೆ, ಬಲವಂತಗಳ ಜೊತೆಗೆ ಮೋಸ, ಆಮಿಷ, ಅಧಿಕಾರದ ದುರುಪಯೋಗಗಳೂ ಆ ಕಲಮಿನಲ್ಲಿವೆ. ಶಿಕ್ಷೆ 7ರಿಂದ 10 ವರ್ಷ. ಸಿಕ್ಕಿಬಿದ್ದದ್ದು ಮಗುವಾದರೆ 10 ವರ್ಷದಿಂದ ಜೀವಾವಧಿ.

“ಖುಷಿಲೆ ಹೋಗ್ತಾರ” ಎಂಬುದಕ್ಕೆ ಕಾನೂನಿನ ಉತ್ತರ ಅದೇ ಕಲಮಿನ ಎರಡನೇ ವಿವರಣೆಯಲ್ಲಿದೆ: ಅಪರಾಧವನ್ನು ತೀರ್ಮಾನಿಸುವಾಗ ಬಲಿಪಶುವಿನ ಒಪ್ಪಿಗೆ ಲೆಕ್ಕಕ್ಕೆ ಬರುವುದಿಲ್ಲ. 2013ರಲ್ಲಿ ಹಳೆಯ ದಂಡ ಸಂಹಿತೆಯ 370ನೇ ಕಲಮಿಗೆ ಸೇರಿದ ಈ ಮಾತು, 2024ರ ಜುಲೈ 1ರಂದು ಜಾರಿಗೆ ಬಂದ ಹೊಸ ಸಂಹಿತೆಯಲ್ಲೂ ಉಳಿದಿದೆ. ಒಪ್ಪಿದ್ದಾದರೂ ಯಾವುದಕ್ಕೆ? ದಿನಕ್ಕೆ ಇಷ್ಟು ಕೂಲಿ, ಇರಲು ಶೆಡ್ಡು, ಉಗಾದಿಗೆ ಊರು ಎಂಬ ಮಾತಿಗೆ. ಆ ಶೆಡ್ಡಿನ ಬೀಗ ಹೊರಗಿನಿಂದ ಬೀಳುತ್ತದೆ ಎಂದು ಬಸ್ ಸ್ಟ್ಯಾಂಡಿನಲ್ಲಿ ಯಾವ ಮೇಸ್ತ್ರಿಯೂ ಹೇಳುವುದಿಲ್ಲ. 2018ರ ಡಿಸೆಂಬರಿನಲ್ಲಿ ಹಾಸನದ ಬಳಿ ಜೀತದಿಂದ 52 ಜನರನ್ನು ಬಿಡಿಸಿದರು. ಅವರೂ ಕೂಲಿ ಸಿಗುತ್ತದೆಂಬ ಮಾತು ನಂಬಿ ಹೋದವರೇ.

ಇನ್ನು ಮುಂಗಡದ ಮಾತು. ಇದನ್ನು ಹೇಳಿದವರೇ ಹೆಚ್ಚು, ಅವರ ದನಿಯಲ್ಲಿ ನಿಜವಾದ ಸಿಟ್ಟೂ ಇತ್ತು. “ರೊಕ್ಕ ತಗೊಂಡು ಓಡಿ ಬಂದ್ರ, ಕೊಟ್ಟಾವ ಏನ್ ಮಾಡ್ಬೇಕು?” ನ್ಯಾಯವಾದ ಪ್ರಶ್ನೆಯೇ. ಮುಂಗಡವೆಲ್ಲ ಜೀತವಲ್ಲ, ಅದನ್ನು ನಾನೂ ಒಪ್ಪುತ್ತೇನೆ. “ನಾಳೆಯಿಂದ ಬರಲ್ಲ, ಬೇರೆ ಕಡೆ ಹೋಗ್ತೀನಿ” ಎಂದರೆ ಬಿಡುತ್ತಾರೆಯೇ? ಬಿಟ್ಟರೆ ಅದು ಬರೀ ಸಾಲ, ವಸೂಲಿಗೆ ಸಿವಿಲ್ ಕೋರ್ಟಿದೆ. ಆಧಾರ್ ಕಾರ್ಡು ಕಿತ್ತಿಟ್ಟುಕೊಂಡು, ಹೆಂಡತಿಯನ್ನೋ ಮಗನನ್ನೋ ಒತ್ತೆ ನಿಲ್ಲಿಸಿಕೊಂಡು, “ಹಣ ಇಟ್ಟು ಹೋಗು” ಎಂದರೆ ಅದು 1976ರ ಜೀತ ಪದ್ಧತಿ ರದ್ದತಿ ಕಾಯ್ದೆ ಹೇಳುವ ಜೀತ. ಆಗ ಆ ಸಾಲವೇ ರದ್ದು. ಅದು ಜೀತದ ಸಾಲವಲ್ಲ ಎಂದು ತೋರಿಸುವ ಹೊಣೆ 15ನೇ ಕಲಮಿನಂತೆ ಕೊಟ್ಟವನದು. 9ನೇ ಕಲಮು ಇನ್ನೂ ಮುಂದೆ ಹೋಗುತ್ತದೆ: ರದ್ದಾದ ಸಾಲವನ್ನು ಆಳು ತಾನಾಗಿ ತಂದುಕೊಟ್ಟರೂ ಇಸಿದುಕೊಂಡವನಿಗೆ ಮೂರು ವರ್ಷದವರೆಗೆ ಸೆರೆ. ಇದನ್ನು ಹೇಳಿದಾಗ ಚಹಾದಂಗಡಿಯಲ್ಲಿ ಒಬ್ಬರು ಪುಸ್ತಕ ತೋರಿಸಿ ಎಂದರು. ತೋರಿಸಿದೆ. ಅಕ್ಟೋಬರ್ 2022ರಲ್ಲಿ ಚಿಕ್ಕಮಗಳೂರಿನ ಜೇನುಗದ್ದೆಯ ಕಾಫಿ ತೋಟದಲ್ಲಿ ದಲಿತ ಕೂಲಿಕಾರರನ್ನು ಕೂಡಿಹಾಕಿದ ಆರೋಪ ಬಂದದ್ದೂ ಇಂಥ ಸಾಲದ ಹೆಸರಿನಲ್ಲೇ.

“ಕೂಲಿ ಕೊಡ್ತಾರಲ್ಲ, ಅದೆಂಥ ಜೀತ?” 1982ರಲ್ಲೇ ಸುಪ್ರೀಂ ಕೋರ್ಟು, ದಿಲ್ಲಿ ಏಷ್ಯನ್ ಕ್ರೀಡಾಕೂಟದ ಕಟ್ಟಡ ಕಾರ್ಮಿಕರ ಪ್ರಕರಣದಲ್ಲಿ ಇದಕ್ಕೆ ಉತ್ತರಿಸಿದೆ. ಕನಿಷ್ಠ ವೇತನಕ್ಕಿಂತ ಕಡಿಮೆಗೆ ದುಡಿಯುವವನು ಹಸಿವಿನ ಒತ್ತಾಯಕ್ಕೆ ದುಡಿಯುತ್ತಾನೆ, ಸಂವಿಧಾನದ 23ನೇ ವಿಧಿ ನಿಷೇಧಿಸಿದ ಬಲವಂತದ ದುಡಿಮೆ ಅದೇ ಎಂದಿತು.

“ನೀರಾವರಿ ತಾಲ್ಲೂಕಿನಾಗ ಗುಳೆ ಎಲ್ಲದ?” ಎಂದ ಮಹನೀಯರು ಶಹಾಪುರ ಶಾಖಾ ಕಾಲುವೆಯ ದಂಡೆ ಬಿಟ್ಟು ಒಂದು ಸಲ ತಾಂಡಾಗಳ ಕಡೆ ಹೋಗಿ ಬರಬೇಕು. ನಾರಾಯಣಪುರದ ನೀರು ಹೊಲ ಇದ್ದವರ ಹೊಲಕ್ಕೆ ಬಂತು.

ಮಕ್ಕಳ ವಿಷಯದಲ್ಲಿ ಎದುರಾಳಿಗಳ ಮಾತು ಬಹಳ ಮೃದು: ಅವ್ವನ ಬೆನ್ನು ಹತ್ತಿ ಬರ್ತಾವ, ನಾಲ್ಕು ಹತ್ತಿ ಬಿಡಿಸ್ತಾವ, ಆಟ ಇದ್ದಂಗ. ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ಬಂದ ತಿದ್ದುಪಡಿ, 14 ವರ್ಷದೊಳಗಿನ ಮಗು ಶಾಲೆ ಬಿಟ್ಟ ಮೇಲೆ ಮನೆಯವರ ಸ್ವಂತ ಕೆಲಸಕ್ಕೆ ಕೈ ಹಚ್ಚಬಹುದು ಎನ್ನುತ್ತದೆ, ನಿಜ. ಸಾಹುಕಾರರ ಹೊಲ ಯಾವಾಗಿನಿಂದ ಆ ಕೂಸಿನ ಮನೆಯವರದಾಯಿತು? ಹಾಜರಿ ಪುಸ್ತಕದಲ್ಲಿ ಖಾಲಿ ಬಿದ್ದ ತಿಂಗಳುಗಳನ್ನು ಆಟ ಎಂದು ಬರೆಯಲು ಬರುವುದಿಲ್ಲ.

“ಪರಿಹಾರದ ಆಸೆಗೆ ಸುಳ್ಳು ಕೇಸು” ಎಂಬ ಮಾತು ಸಹ ಬಂತು. ಜೀತವಿಮುಕ್ತರಿಗಾಗಿ ಕೇಂದ್ರದ ಪುನರ್ವಸತಿ ಯೋಜನೆಯಲ್ಲಿ ವಯಸ್ಕ ಗಂಡಾಳಿಗೆ ಒಂದು ಲಕ್ಷ ರೂಪಾಯಿ ಇದೆ, ಆದರೆ ಆ ಪೂರ್ತಿ ಮೊತ್ತವನ್ನು ಆರೋಪಿಗೆ ಶಿಕ್ಷೆಯಾಗುವುದಕ್ಕೆ ಗಂಟು ಹಾಕಿದ್ದಾರೆ. ನಮ್ಮ ಕೋರ್ಟುಗಳ ನಡಿಗೆ ಬಲ್ಲ ಯಾವನೂ ಅದನ್ನು ನಂಬಿ ಸುಳ್ಳು ಹೇಳಲಾರ.

ಒಂದು ಆಕ್ಷೇಪಕ್ಕೆ ಮಾತ್ರ ನಾನು ತಲೆಬಾಗುತ್ತೇನೆ. ಸಿಕ್ಕಿಬೀಳುವವನು ಮೇಸ್ತ್ರಿ. ಅವನೂ ಅದೇ ಓಣಿಯವನು, ಮಾಲೀಕನಿಂದ ಸಾಲ ಎತ್ತಿ ಹಂಚಿದವನು. ಇದು ನಿಜ. ಆದರೆ ಇದರಿಂದ ಕಾನೂನು ತಪ್ಪು ಎಂದಾಗುವುದಿಲ್ಲ, ತನಿಖೆ ಅರ್ಧಕ್ಕೆ ನಿಂತಿತು ಎಂದಾಗುತ್ತದೆ. ‘ಪಡೆದುಕೊಳ್ಳುವುದು’ ಎಂಬ ಮಾತು 143ರಲ್ಲಿ ಇರುವುದು ಮಾಲೀಕನಿಗಾಗಿಯೇ. ಆರೋಪಪಟ್ಟಿಯಲ್ಲಿ ಅವನ ಹೆಸರು ಬರೆಸುವುದು ವಕೀಲರಾದ ನಮ್ಮ ಕೆಲಸ.

ಸಭೆ ಮುಗಿದ ಮೇಲೆ ಬಾಗಿಲಲ್ಲಿ ಕಾಯುತ್ತಿದ್ದ ಒಬ್ಬಾತ, ಎರಡು ಸಲ ಗುಳೆ ಹೋಗಿ ಬಂದವನು, ಕೇಳಿದ: “ಕೇಸ್ ಹಾಕಿದ್ರ ಮುಂದಿನ ವರ್ಷ ಮುಂಗಡ ಯಾರ್ ಕೊಡ್ತಾರ್ರೀ ಸಾಹೇಬ್ರ?” ಎದುರಾಳಿಗಳ ಮಾತಿನಂತೆಯೇ ಕೇಳಿಸಿದರೂ ಇದು ಬೇರೆ ಮಾತು. ಬಿಡುಗಡೆಯಾದವರಿಗೆ ತಕ್ಷಣಕ್ಕೆ 30,000 ರೂಪಾಯಿವರೆಗೆ ನೆರವಿದೆ, ಎಸಿ ಕಚೇರಿಯಿಂದ ಬಿಡುಗಡೆ ಪತ್ರ ಸಿಗಬೇಕು ಎಂದು ವಿವರಿಸಿದೆ. ಎಷ್ಟು ದಿನಕ್ಕ ಬರ್ತದ ಎಂದ. ಮೇಸ್ತ್ರಿ ಎಷ್ಟು ದಿನಕ್ಕೆ ಕೊಡುತ್ತಾನೆ ಎಂದು ನಾನೂ ಕೇಳಿದೆ. “ಕೇಳಿದ ದಿನ ಸಂಜಿಗೇ” ಎಂದ.