ಕಡಲ ಹೂವಿನ ಬಣ್ಣವೂ ಸಂತಾನವೂ

ಇಂಗ್ಲಿಷಿನಲ್ಲಿ ‘ಸೀ ಅನಿಮೋನ್’ ಎಂದು ಕರೆಯಲಾಗುವ ಜೀವಿಗೆ ಕನ್ನಡದಲ್ಲಿ ‘ಕಡಲ ಹೂವು’ ಎಂಬ ಹೆಸರು ಸಲ್ಲುತ್ತದೆ. ಅನಿಮೋನ್ ಎಂಬುದು ನೆಲದ ಮೇಲೆ ಬೆಳೆಯುವ ಒಂದು ಹೂಗಿಡ. ಅದರ ಮೂಲ ಗ್ರೀಕ್ ಭಾಷೆಯಲ್ಲಿ ಗಾಳಿ ಎಂಬರ್ಥದ ಪದ. ಆದರೆ ಅದೇ ಗ್ರೀಕರ ಅರಿಸ್ಟಾಟಲ್ ಈ ಜೀವಿಯನ್ನು ಹೂವೆಂದು ಕರೆಯಲಿಲ್ಲ. ಮುಟ್ಟಿದರೆ ಉರಿಯುವ ತುರಚೆಯಂತಹ ಗಿಡಕ್ಕೆ ಗ್ರೀಕಿನಲ್ಲಿದ್ದ ಹೆಸರನ್ನೇ ಇದಕ್ಕೂ ಇಟ್ಟು, ಸಸ್ಯಕ್ಕೂ ಪ್ರಾಣಿಗೂ ನಡುವಿನ ಸ್ಥಾನದಲ್ಲಿ ಇದನ್ನು ನಿಲ್ಲಿಸಿದನು. ಸ್ಪೇನಿನ ದಕ್ಷಿಣ ತೀರದಲ್ಲಿ ಇದನ್ನು ಹಿಟ್ಟಿನಲ್ಲಿ ಅದ್ದಿ ಎಣ್ಣೆಯಲ್ಲಿ ಕರಿದು ತಿನ್ನುವವರು ಇಂದಿಗೂ ‘ಪುಟ್ಟ ತುರಚೆ’ ಎಂಬರ್ಥದ ಹೆಸರಿನಿಂದಲೇ ಕರೆಯುತ್ತಾರೆ. ಒಂದು ಹೆಸರು ಸ್ಪರ್ಶದಿಂದ ಹುಟ್ಟಿದ್ದು, ಇನ್ನೊಂದು ನೋಟದಿಂದ. ನೋಟದ ಹೆಸರೇ ಗೆದ್ದಿತು. ಹೂವೆಂದು ಕರೆದುದನ್ನು ಕೀಳಲು ಮನುಷ್ಯನ ಕೈ ಹಿಂಜರಿಯುವುದಿಲ್ಲ ಎಂಬುದಕ್ಕೆ ಈ ಜೀವಿಯ ಚರಿತ್ರೆಗಿಂತ ಮಿಗಿಲಾದ ಸಾಕ್ಷ್ಯ ದೊರೆಯುವುದು ಕಷ್ಟ.

ಮನೆಯ ಗಾಜಿನ ತೊಟ್ಟಿಯಲ್ಲಿ ಉಪ್ಪುನೀರು ತುಂಬಿ ಬಣ್ಣಬಣ್ಣದ ಕಡಲ ಹೂವುಗಳನ್ನು ಸಾಕುವ ಹವ್ಯಾಸ ಇಂದು ಜಗತ್ತಿನಾದ್ಯಂತ ಹರಡಿದೆ. ಈ ಹವ್ಯಾಸವನ್ನು ಸಾರಾಸಗಟಾಗಿ ನಿಂದಿಸುವವರೂ ಇದ್ದಾರೆ, ಅದರ ಬಗ್ಗೆ ಪ್ರಶ್ನೆಯನ್ನೇ ಕೇಳದವರೂ ಇದ್ದಾರೆ. ಈ ಎರಡೂ ನಿಲುವುಗಳು ಇತಿಹಾಸವನ್ನು ಗಮನಿಸಿದ ನಿಲುವುಗಳಲ್ಲ. ಆರಂಭದಿಂದಲೂ ಈ ಹವ್ಯಾಸ ಎರಡು ಕವಲುಗಳಲ್ಲಿ ಹರಿದುಬಂದಿದೆ. ಒಂದು, ತಂದ ಜೀವಿ ತನ್ನ ಸಂತಾನವನ್ನು ಕಾಣುವಷ್ಟು ಕಾಲ ಅದನ್ನು ಕಾಪಾಡಿದವರ ದಾರಿ. ಇನ್ನೊಂದು, ಸತ್ತದ್ದರ ಜಾಗಕ್ಕೆ ಕಡಲಿನಿಂದ ಮತ್ತೊಂದನ್ನು ತಂದು ಬಣ್ಣದ ಕೊರತೆಯನ್ನು ತುಂಬಿದವರ ದಾರಿ. ಸಾಕುವ ಹಕ್ಕು ಮೊದಲನೆಯವರಿಗೆ ಮಾತ್ರ ಉಂಟು ಎಂದು ಹೇಳಬೇಕಾದ ಕಾಲ ಬಂದಿದೆ.

ಈ ಜೀವಿಯ ದೇಹರಚನೆ ಸರಳ. ಬಂಡೆಗೆ ಅಂಟಿಕೊಳ್ಳುವ ಪಾದ, ಅದರ ಮೇಲೆ ಕೊಳವೆಯಂತಹ ಒಡಲು, ತುದಿಯಲ್ಲಿ ಬಾಯಿ, ಬಾಯಿಯ ಸುತ್ತ ಎಸಳುಗಳಂತೆ ತೋರುವ ಕರಬಳ್ಳಿಗಳು. ಆ ಬಳ್ಳಿಗಳಲ್ಲಿ ಕುಟುಕು ಕಣಗಳಿವೆ. ತಾಗಿದ ಸಣ್ಣ ಮೀನು, ಸಿಗಡಿಗಳನ್ನು ಅವು ಚುಚ್ಚಿ ನಿಶ್ಚೇಷ್ಟಗೊಳಿಸುತ್ತವೆ. ಎಲುಬಿಲ್ಲ, ಹೃದಯವಿಲ್ಲ, ಮಿದುಳೂ ಇಲ್ಲ. ಉಷ್ಣವಲಯದ ಅನೇಕ ಜಾತಿಗಳ ಅಂಗಾಂಶದೊಳಗೆ ಕಣ್ಣಿಗೆ ಕಾಣದ ಕಂದುಬಣ್ಣದ ಪಾಚಿ ಜೀವಕೋಶಗಳು ವಾಸಿಸುತ್ತವೆ. ಅವು ಬೆಳಕಿನಿಂದ ಆಹಾರ ತಯಾರಿಸಿ ಅದರಲ್ಲಿ ದೊಡ್ಡ ಪಾಲನ್ನು ಆಶ್ರಯದಾತನಿಗೆ ಒಪ್ಪಿಸುತ್ತವೆ. ಹಸಿರು, ಕೆಂಪು, ಕಿತ್ತಳೆಯ ಹೊಳಪು ಜೀವಿಯದೇ ಆದ ವರ್ಣಕಗಳಿಂದ ಬರುವುದಾದರೂ ಆ ಹೊಳಪಿನ ಕೆಳಗಿನ ಕಂದುಛಾಯೆ ಪಾಚಿಯದು. ಆದುದರಿಂದ ಇಲ್ಲಿ ಬಣ್ಣವೆಂಬುದು ಅಲಂಕಾರವಷ್ಟೇ ಆಗಿರದೆ ಒಂದು ಸಹಬಾಳ್ವೆಯ ಗುರುತೂ ಆಗಿದೆ.

ಸಾಕುವವರ ಮೊದಲ ದಾರಿಗೆ ಸೇರಿದವರಲ್ಲಿ ಎಡಿನ್‌ಬರೋದ ಸರ್ ಜಾನ್ ಗ್ರಹಾಂ ಡಾಲ್ಯೆಲ್ ಅಗ್ರಗಣ್ಯನು. ನ್ಯಾಯಶಾಸ್ತ್ರ ಓದಿ ಪ್ರಾಚ್ಯವಸ್ತುಗಳಲ್ಲಿ ಆಸಕ್ತನಾಗಿದ್ದ ಈತ 1828ರ ಆಗಸ್ಟ್‌ನಲ್ಲಿ ಸ್ಕಾಟ್ಲೆಂಡಿನ ನಾರ್ತ್ ಬರ್ವಿಕ್ ಕಡಲತೀರದ ಬಂಡೆಯೊಂದರಿಂದ ಸಾಮಾನ್ಯ ಜಾತಿಯ ಒಂದು ಕಡಲ ಹೂವನ್ನು ಬಿಡಿಸಿ ತಂದನು. ವಿರಳವಾದುದೇನೂ ಅಲ್ಲ, ಬ್ರಿಟನ್ನಿನ ತೀರಗಳಲ್ಲಿ ನೀರಿಳಿದಾಗ ಬಂಡೆಗಳ ಮೇಲೆ ಕೆಂಪು ಮಾಂಸದ ಗುಳಿಗೆಯಂತೆ ಮುದುಡಿ ಕುಳಿತಿರುವ ಜಾತಿ. ಅದಕ್ಕೆ ಈತ ಕೊಟ್ಟದ್ದು ಒಂದು ಸಣ್ಣ ಗಾಜಿನ ಪಾತ್ರೆ, ಆಗಾಗ ಬದಲಿಸುವ ಕಡಲ ನೀರು, ಹದಿನೈದು ದಿನಕ್ಕೊಮ್ಮೆ ಚಿಪ್ಪಿನ ಮಾಂಸದ ಅರ್ಧ ತುಂಡು. ಆಗ ಗಾಳಿಯೂಡುವ ಯಂತ್ರವಿರಲಿಲ್ಲ, ಶೋಧಕವಿರಲಿಲ್ಲ, ‘ಅಕ್ವೇರಿಯಂ’ ಎಂಬ ಪದವೇ ಈ ಅರ್ಥದಲ್ಲಿ ಬಳಕೆಗೆ ಬಂದಿರಲಿಲ್ಲ. ಆದರೂ ಆ ಜೀವಿ ಬದುಕಿತು, ಮೊದಲ ಇಪ್ಪತ್ತು ವರ್ಷಗಳಲ್ಲಿ 334 ಮರಿಗಳನ್ನು ಬಾಯಿಯ ಮೂಲಕ ಹೊರಹಾಕಿತು. ಈ ಜಾತಿ ತನ್ನ ಮರಿಗಳನ್ನು ಒಡಲೊಳಗೇ ಪೋಷಿಸಿ, ಚಿಕ್ಕ ಕರಬಳ್ಳಿಗಳು ಮೂಡಿದ ಮೇಲೆ ಹೊರಕ್ಕೆ ಬಿಡುತ್ತದೆ. ಸಂಗಾತಿಯಿಲ್ಲದೆಯೂ ಅದು ಸಂತಾನವನ್ನು ಪಡೆಯಬಲ್ಲುದು.

1851ರಲ್ಲಿ ಡಾಲ್ಯೆಲ್ ತೀರಿಕೊಂಡ ಮೇಲೆ ನಡೆದುದು ಇನ್ನೂ ಸ್ವಾರಸ್ಯಕರ. ಆ ಜೀವಿ ಪ್ರೊಫೆಸರ್ ಜಾನ್ ಫ್ಲೆಮಿಂಗ್‌ನ ಕೈಸೇರಿತು. ಅವನ ನಂತರ ನೌಕಾಪಡೆಯ ವೈದ್ಯನಾಗಿದ್ದ ಜೇಮ್ಸ್ ಮೆಕ್‌ಬೇನ್‌ಗೆ. ಕಡೆಯಲ್ಲಿ ಎಡಿನ್‌ಬರೋದ ರಾಯಲ್ ಬೊಟಾನಿಕ್ ಗಾರ್ಡನ್ನಿನ ಜಾನ್ ಸ್ಯಾಡ್ಲರ್, ರಾಬರ್ಟ್ ಲಿಂಡ್ಸೆ ಇವರ ಸುಪರ್ದಿಗೆ. ಜನ ಅದನ್ನು ‘ಗ್ರ್ಯಾನಿ’, ಅಂದರೆ ‘ಅಜ್ಜಿ’ ಎಂದು ಕರೆದರು. ಬಹುಕಾಲ ಮರಿಯಿಡದೆ ಇದ್ದ ಈ ಅಜ್ಜಿ 1857ರ ವಸಂತದ ಒಂದೇ ರಾತ್ರಿಯಲ್ಲಿ 240 ಮರಿಗಳನ್ನು ಹೆತ್ತಿತು. 1887ರ ಆಗಸ್ಟ್‌ನಲ್ಲಿ, ಕಡಲನ್ನು ಬಿಟ್ಟು ಐವತ್ತೊಂಬತ್ತು ವರ್ಷಗಳಾದ ಮೇಲೆ, ಅದು ಸತ್ತಾಗ ಪತ್ರಿಕೆಗಳು ಮರಣವಾರ್ತೆ ಪ್ರಕಟಿಸಿದುವು. ಒಂದು ಹಸ್ತಪ್ರತಿಯನ್ನು ಮನೆತನದಿಂದ ಮನೆತನಕ್ಕೆ ಕಾಪಾಡಿಕೊಂಡು ಬಂದವರ ಶ್ರದ್ಧೆಯನ್ನು ಬಲ್ಲವರಿಗೆ ಈ ಐವರ ಸಾಲು ಅಪರಿಚಿತವೆನಿಸದು. ವಿರಳ ಬಣ್ಣದ ಜೀವಿಯನ್ನು ಅವರು ಕಾಯಲಿಲ್ಲ. ತೀರದಲ್ಲಿ ಸಾವಿರ ಸಂಖ್ಯೆಯಲ್ಲಿ ಸಿಗುವ ಒಂದನ್ನೇ ಆರು ದಶಕ ಕಾದರು.

ಇದೇ ಸಾಲಿಗೆ ಸೇರಬೇಕಾದ ಇನ್ನೊಂದು ಹೆಸರು ಆನಾ ಥಿನ್. 1846ರಲ್ಲಿ ಈಕೆ ಇಂಗ್ಲೆಂಡಿನ ಟಾರ್ಕೀ ತೀರದಿಂದ ಕಡಲ ಹೂವಿನ ಹತ್ತಿರದ ಬಂಧುಗಳಾದ ಕಲ್ಹವಳಗಳನ್ನು, ದಾರಿಯಲ್ಲಿ ಒಂದಕ್ಕೊಂದು ಬಡಿಯದಿರಲೆಂದು ಸೂಜಿದಾರದಿಂದ ಸ್ಪಂಜಿಗೆ ಹೊಲಿದು, ಲಂಡನ್ನಿಗೆ ತಂದಳು. ನೀರಿಗೆ ಗಾಳಿ ಬೆರೆಯುವಂತೆ ಕಿಟಕಿಯ ಬಳಿ ನಿಂತು ಪಾತ್ರೆಯಿಂದ ಪಾತ್ರೆಗೆ ಸುರಿಯುವ ಕೆಲಸ ಮನೆಗೆಲಸದವಳ ಪಾಲಿಗೆ ಬಂದಿತು. ದಿನಕ್ಕೆ ಅರ್ಧ ಗಂಟೆಗೂ ಮಿಕ್ಕಿದ ದುಡಿಮೆ. ಆ ಹುಡುಗಿಯ ಹೆಸರು ವಿಜ್ಞಾನದ ಯಾವ ಪುಸ್ತಕಕ್ಕೂ ಏರಿಲ್ಲವೆಂಬುದನ್ನು ಇಲ್ಲಿ ನೆನೆಯುವುದು ಅಪ್ರಸ್ತುತವಲ್ಲ. ತನ್ನ ಜೀವಿಗಳು ಒಂದರಿಂದ ಹಲವಾಗುವುದನ್ನು ವರ್ಷಗಟ್ಟಲೆ ನೋಡಿದ ಥಿನ್, ಆ ವೃದ್ಧಿಯ ವಿಷಯವಾಗಿಯೇ 1859ರಲ್ಲಿ ಲೇಖನ ಪ್ರಕಟಿಸಿದಳು.

ಎರಡನೆಯ ದಾರಿ ತೆರೆದುಕೊಂಡುದು ಫಿಲಿಪ್ ಹೆನ್ರಿ ಗಾಸ್‌ನ ಪುಸ್ತಕಗಳ ಮೂಲಕ. ಆತನನ್ನು ದೂಷಿಸುವುದು ಸುಲಭ, ನ್ಯಾಯವಲ್ಲ. 1854ರ ‘ದಿ ಅಕ್ವೇರಿಯಂ’ ಕೃತಿಯಿಂದ ಆ ಪದವನ್ನು ಮನೆಮಾತಾಗಿಸಿದವನು ಆತನೇ. 1860ರಲ್ಲಿ ಪೂರ್ಣಗೊಂಡ ಆತನ ‘ಆಕ್ಟಿನೋಲಾಜಿಯ ಬ್ರಿಟಾನಿಕ’ ಬ್ರಿಟನ್ನಿನ ಕಡಲ ಹೂವುಗಳ ಕುರಿತ ಶಾಸ್ತ್ರಗ್ರಂಥ. ಅದರಲ್ಲಿನ ಬಣ್ಣದ ಚಿತ್ರಗಳು ಎಷ್ಟು ಮನೋಹರವೆಂದರೆ ಲಿಯೊಪೋಲ್ಡ್ ಬ್ಲಾಷ್ಕ ಎಂಬ ಗಾಜಿನ ಕುಶಲಕರ್ಮಿ ಅವನ್ನೇ ನೋಡಿಕೊಂಡು ಡ್ರೆಸ್ಡನ್ನಿನ ವಸ್ತುಸಂಗ್ರಹಾಲಯಕ್ಕಾಗಿ ಗಾಜಿನ ಕಡಲ ಹೂವುಗಳನ್ನು ನಿರ್ಮಿಸಿದನು. (ಬಣ್ಣವೊಂದೇ ಬೇಕಾದವರಿಗೆ ಅದು ಇಂದಿಗೂ ಯೋಗ್ಯ ಪರ್ಯಾಯ.) ಆದರೆ ಪುಸ್ತಕ ಓದಿದವರು ಗಾಜನ್ನು ಬಯಸಲಿಲ್ಲ. ರೈಲು ಹತ್ತಿ ತೀರಕ್ಕೆ ಧಾವಿಸಿದರು. ಉಳಿ, ಸುತ್ತಿಗೆ, ಬುಟ್ಟಿಗಳೊಡನೆ ಬಂಡೆಗಳನ್ನು ಕೆದಕಿದರು. ತಂದವುಗಳಲ್ಲಿ ಬಹುಪಾಲು ಬೇಗನೆ ಕೊಳೆತುಹೋದುವು. ಫಿಲಿಪ್‌ನ ಮಗ ಎಡ್ಮಂಡ್ ಗಾಸ್ 1907ರಲ್ಲಿ ಪ್ರಕಟವಾದ ತನ್ನ ‘ಫಾದರ್ ಅಂಡ್ ಸನ್’ ಕೃತಿಯಲ್ಲಿ, ತಾನು ಬಾಲ್ಯದಲ್ಲಿ ತಂದೆಯೊಡನೆ ಕಂಡ ಬಂಡೆಕುಳಿಗಳ ಸೌಂದರ್ಯ ಸಂಗ್ರಾಹಕರ ಪಡೆಗಳಿಂದ ಅಳಿದುಹೋದುದನ್ನೂ, ಅದಕ್ಕೆ ತಂದೆಯ ಬರಹವೇ ಕಾರಣವಾದುದು ಅವನಿಗೆ ತಂದ ನೋವನ್ನೂ ದಾಖಲಿಸಿದ್ದಾನೆ. ಪ್ರೀತಿಯಿಂದ ಬರೆದ ಪುಸ್ತಕವೇ ಪ್ರೀತಿಸಿದ ವಸ್ತುವಿನ ನಾಶಕ್ಕೆ ಕಾರಣವಾದ ಇಂತಹ ನಿದರ್ಶನ ಸಾಹಿತ್ಯ ಚರಿತ್ರೆಯಲ್ಲಿ ವಿರಳ.

ಇಂದಿನ ಸ್ಥಿತಿ ಹೇಗಿದೆ? ಮನೆಗಳಲ್ಲಿ ಹೆಚ್ಚಾಗಿ ಸಾಕಲಾಗುವುದು ಹಿಂದೂ ಮಹಾಸಾಗರ ಮತ್ತು ಪೆಸಿಫಿಕ್ ಸಾಗರಗಳ ಹವಳದ ದಿಬ್ಬಗಳಲ್ಲಿ ಬೆಳೆಯುವ ‘ಬಬಲ್ ಟಿಪ್’ ಎಂಬ ಜಾತಿ. ಅದರ ಕರಬಳ್ಳಿಗಳ ತುದಿ ಗುಳ್ಳೆಯಂತೆ ಉಬ್ಬಿಕೊಳ್ಳುವುದುಂಟು. ಕೆಂಪು, ಹಸಿರು, ಕಿತ್ತಳೆ, ಒಂದೇ ಒಡಲಲ್ಲಿ ಹಲವು ಬಣ್ಣ ಬೆರೆತವು ಹೀಗೆ ಪ್ರಭೇದಗಳಿದ್ದು, ಮಾರುವವರು ಅವಕ್ಕೆ ‘ರೋಸ್’, ‘ರೇನ್‌ಬೋ’, ‘ಬ್ಲ್ಯಾಕ್ ವಿಡೋ’ ಮೊದಲಾದ ಹೆಸರುಗಳನ್ನಿಟ್ಟು ಬಣ್ಣಕ್ಕೆ ತಕ್ಕಂತೆ ಬೆಲೆ ಕಟ್ಟುತ್ತಾರೆ. ಇದರಲ್ಲಿ ಆಕ್ಷೇಪಾರ್ಹವಾದುದೇನೂ ಇಲ್ಲ. ಆಕ್ಷೇಪಾರ್ಹವಾದುದು ಬೇರೆಯಿದೆ. ಕಡಲಿನಿಂದ ಕಿತ್ತು ದಿನಗಟ್ಟಲೆ ಕತ್ತಲೆಯ ಪೊಟ್ಟಣದಲ್ಲಿ ಸಾಗಿಸಿದ ಜೀವಿ ತನ್ನೊಳಗಿನ ಪಾಚಿಯನ್ನು ಕಳೆದುಕೊಂಡು ಬೆಳ್ಳಗಾಗುತ್ತದೆ. ಅಂಗಡಿಯಲ್ಲಿ ಅದೇ ‘ಬಿಳಿಯ ಅಪರೂಪದ ಜಾತಿ’ಯೆಂದು ಮಾರಾಟವಾಗುತ್ತದೆ. ಹಸಿವಿನಿಂದ ಬಿಳಿಚಿಕೊಂಡ ದೇಹವನ್ನು ಗಿರಾಕಿ ಸೌಂದರ್ಯವೆಂದು ಮೆಚ್ಚುತ್ತಾನೆ. ಇನ್ನೂ ಮುಂದುವರಿದು, ಬಿಳಿಚಿದ ಜೀವಿಗೆ ಹಳದಿಯನ್ನೋ ನೇರಳೆಯನ್ನೋ ಕೃತಕವಾಗಿ ಹಚ್ಚಿ ಮಾರುವ ವಾಡಿಕೆಯೂ ಈ ವ್ಯಾಪಾರದಲ್ಲಿದೆ. ಬಣ್ಣ ಕೆಲವು ವಾರಗಳಲ್ಲಿ ಇಳಿಯುತ್ತದೆ, ಬಹುಮಟ್ಟಿಗೆ ಜೀವಿಯೂ ಅಷ್ಟರಲ್ಲಿ ಸತ್ತಿರುತ್ತದೆ. ಇದನ್ನು ವಂಚನೆಯೆನ್ನಲು ಹಿಂಜರಿಯಬೇಕಾಗಿಲ್ಲ.

ಇದಕ್ಕೆ ಪ್ರತಿಯಾಗಿ ನಿಲ್ಲುವುದು ಮನೆಯಲ್ಲಿಯೇ ನಡೆಯುವ ವೃದ್ಧಿ. ಬಬಲ್ ಟಿಪ್ ಜಾತಿ ತಾನಾಗಿಯೇ ಉದ್ದಕ್ಕೆ ಸೀಳಿಕೊಂಡು ಎರಡಾಗುತ್ತದೆ. ಪಾದ ಎರಡು ದಿಕ್ಕಿಗೆ ಸರಿಯುತ್ತ ಒಡಲನ್ನು ಎಳೆದು ಹರಿಯುತ್ತದೆ, ಎರಡು ಅರ್ಧಗಳೂ ಗಾಯ ಮಾಯಿಸಿಕೊಂಡು ಹೊಸ ಬಾಯಿ ರೂಪಿಸಿಕೊಳ್ಳುತ್ತವೆ. ಅನುಭವಸ್ಥರು ಹರಿತವಾದ ಬ್ಲೇಡಿನಿಂದ ಬಾಯಿಯ ನಡುವೆ ಒಂದೇ ಏಟಿಗೆ ಕತ್ತರಿಸಿ ಇದನ್ನೇ ಸಾಧಿಸುತ್ತಾರೆ. ಈ ಶಕ್ತಿ ಹೊಸ ಸಂಶೋಧನೆಯಲ್ಲ. 1770ರ ದಶಕದಲ್ಲಿಯೇ ಫ್ರಾನ್ಸಿನ ಲ ಆವ್ರ್ ನಗರದ ಪಾದ್ರಿ ಡಿಕ್ಮಾರ್ ಕಡಲ ಹೂವುಗಳನ್ನು ಕತ್ತರಿಸಿ, ಅವು ಮತ್ತೆ ಬೆಳೆಯುವುದನ್ನು ಲಂಡನ್ನಿನ ರಾಯಲ್ ಸೊಸೈಟಿಗೆ ವರದಿ ಮಾಡಿದ್ದನು. ಎಲ್ಲ ಜಾತಿಗಳೂ ಕತ್ತಿಯನ್ನು ತಾಳುವುದಿಲ್ಲ. ತಾಳುವ ಜಾತಿಯಲ್ಲಿಯೂ ಬೇಗನೆ ಮಾರಿ ಹಣ ಮಾಡುವ ಆತುರದಿಂದ, ಗಾಯ ಮಾಗುವ ಮೊದಲೇ ಮತ್ತೆ ಕತ್ತರಿಸುವವರು ಕಡಲಿನಿಂದ ಕೀಳುವವರಿಗಿಂತ ಉತ್ತಮರೇನಲ್ಲ.

ತಾನಾಗಿ ಸೀಳುವುದನ್ನೂ ಎಚ್ಚರದಿಂದ ಓದಬೇಕು. ಚೆನ್ನಾಗಿ ಉಂಡು ಬೆಳೆದ ಜೀವಿ ಸೀಳುವುದುಂಟು. ನೀರು ಕೆಟ್ಟಾಗ, ಬೆಳಕು ಥಟ್ಟನೆ ಬದಲಾದಾಗ ಸಂಕಟದಿಂದ ಸೀಳುವುದೂ ಉಂಟು. ಸಂಖ್ಯೆ ಹೆಚ್ಚಿದ ಮಾತ್ರಕ್ಕೆ ಸಾಕುವವನು ಬೀಗಬೇಕಾಗಿಲ್ಲ. ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿನಾಂಶ, 25ರಿಂದ 27 ಡಿಗ್ರಿ ಸೆಲ್ಸಿಯಸ್ ಉಷ್ಣತೆ, ದಿನಕ್ಕೆ ಎಂಟು ಹತ್ತು ಗಂಟೆಗಳ ಪ್ರಬಲ ಬೆಳಕು, ಸಣ್ಣ ಸಿಗಡಿ ತುಂಡಿನ ಮಿತವಾದ ಊಟ, ಅಲೆದಾಡುವ ಜೀವಿ ಸಿಕ್ಕಿಕೊಳ್ಳದಂತೆ ಪಂಪಿನ ಬಾಯಿಗೆ ಜಾಲರಿ: ಇವನ್ನು ಒದಗಿಸುವುದು ಕಷ್ಟವಲ್ಲ. ಕಷ್ಟವಾದುದು ಕಾಯುವುದು. ಹೊಸ ತೊಟ್ಟಿಯ ನೀರು ಹದಗೊಳ್ಳಲು ಆರು ತಿಂಗಳಿಂದ ಒಂದು ವರ್ಷ ಬೇಕು. ತೊಟ್ಟಿ ಕೊಂಡ ವಾರವೇ ಬಣ್ಣ ಬೇಕೆನ್ನುವವನಿಗೆ ಕಡಲ ಹೂವನ್ನು ಮಾರಲೇಬಾರದು.

ಮನೆಯ ವೃದ್ಧಿಯಿಂದ ಆಸೆ ಇನ್ನಷ್ಟು ಹರಡಿ ಕಡಲಿನ ಮೇಲಿನ ಒತ್ತಡ ಹೆಚ್ಚುತ್ತದೆಂಬ ವಾದವಿದೆ. ಗಾಸ್‌ನ ಕಾಲದ ಅನುಭವ ಆ ವಾದದ ಪರವಾಗಿಯೇ ಇದೆಯೆಂದು ತೋರಬಹುದು. ಆದರೆ ಅಂದಿನ ಓದುಗರ ಕೈಗೆ ತೊಟ್ಟಿಯಲ್ಲಿ ಹುಟ್ಟಿದ ಮರಿ ಸಿಗುತ್ತಿರಲಿಲ್ಲ, ಬಂಡೆಯೊಂದೇ ಮೂಲವಾಗಿತ್ತು. ಇಂದು ಒಬ್ಬನ ತೊಟ್ಟಿಯಲ್ಲಿ ಸೀಳಿದುದು ಇನ್ನೊಬ್ಬನ ತೊಟ್ಟಿಗೆ ಹೋಗಬಲ್ಲುದು. ಇನ್ನೊಂದು ಆಕ್ಷೇಪ ಹೆಚ್ಚು ಗಂಭೀರವಾದುದು: ಸೀಳಿ ಹುಟ್ಟಿದವೆಲ್ಲ ಒಂದೇ ಜೀವಿಯ ಪ್ರತಿಗಳು, ಮೂಲದ ದೋಷವೂ ಅವುಗಳಲ್ಲಿ ಮುಂದುವರಿಯುತ್ತದೆ. ಮೊಟ್ಟೆ ಮತ್ತು ವೀರ್ಯಾಣುಗಳ ಮೂಲಕ ಮರಿ ಪಡೆಯುವುದನ್ನು ಆಸ್ಟ್ರೇಲಿಯದ ಸಂಶೋಧಕರು ಪ್ರಯೋಗಾಲಯದಲ್ಲಿ ಸಾಧಿಸಿದ್ದಾರೆ. ಮನೆಯ ತೊಟ್ಟಿಗೆ ಅದು ಇನ್ನೂ ನಿಲುಕಿಲ್ಲ. ಈ ಮಿತಿಯನ್ನು ಒಪ್ಪಿಕೊಂಡೇ ಮುಂದುವರಿಯಬೇಕು. ಹೊರಗೆ ಸುಲಭವಾಗಿ ವೃದ್ಧಿಯಾಗದ, ಅಗಾಧವಾಗಿ ಬೆಳೆಯುವ ‘ಮ್ಯಾಗ್ನಿಫಿಸೆಂಟ್’ ಜಾತಿಯಂತಹವು ಕಡಲಿನಲ್ಲಿಯೇ ಇರಲಿ.

ಭಾರತದಲ್ಲಿ ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ಕಡಲ ಹೂವಿನ ಆಶ್ರಯದಲ್ಲಿ ಬದುಕುವ ಕ್ಲೌನ್ ಮೀನಿನ ಮರಿ ಮಾಡಿಸುವ ವಿಧಾನವನ್ನು ಬಹಳ ಹಿಂದೆಯೇ ಸಿದ್ಧಪಡಿಸಿದೆ. ಆ ಮೀನಿಗೆ ತೊಟ್ಟಿಯಲ್ಲಿ ಕಡಲ ಹೂವು ಅನಿವಾರ್ಯವೂ ಅಲ್ಲ. ಆದರೂ ಮರಿಕೇಂದ್ರದ ಮೀನನ್ನು ಕೊಂಡವನು ಅದರ ಜೊತೆಗೆ ಕಡಲಿನಿಂದ ಕಿತ್ತ ಹೂವನ್ನು ಕೇಳಿದರೆ ಆ ಶ್ರಮವೆಲ್ಲ ಅರ್ಧಕ್ಕೆ ನಿಂತಂತೆ. ಕಾರವಾರದ ಬಂಡೆಕುಳಿಗಳಲ್ಲಿ ನೀರಿಳಿದಾಗ ಕಾಣುವ ಚಿಕ್ಕ ಕಡಲ ಹೂವುಗಳನ್ನೂ ನೇತ್ರಾಣಿಯ ಹವಳದ ಬಂಡೆಗಳನ್ನೂ ನೋಡಲು ಹೋಗುವವರ ಸಂಖ್ಯೆ ವರ್ಷದಿಂದ ವರ್ಷಕ್ಕೆ ಏರುತ್ತಿದೆ. ಡೆವನ್ನಿನ ತೀರಕ್ಕೆ ಬಂದ ಗತಿ ಅಲ್ಲಿಗೆ ಬರಲು ಉಳಿ ಸುತ್ತಿಗೆಗಳು ಬೇಕಿಲ್ಲ, ಒಂದು ಪ್ಲಾಸ್ಟಿಕ್ ಡಬ್ಬಿ ಸಾಕು. ಕಡಲ ಹೂವನ್ನು ಕೊಳ್ಳಬಯಸುವವನು ಬೆಲೆಗಿಂತ ಮೊದಲು ಮಾರುವವನಿಗೆ ಕೇಳಬೇಕಾದ ಪ್ರಶ್ನೆ ಒಂದೇ: ಇದು ಯಾವುದರಿಂದ ಸೀಳಿ ಬಂದಿತು, ಆ ಮೂಲಜೀವಿ ಯಾರ ತೊಟ್ಟಿಯಲ್ಲಿದೆ? ಆ ತೊಟ್ಟಿಯನ್ನು ತೋರಿಸಲಾರದ ಅಂಗಡಿಯಿಂದ ಬರಿಗೈಯಲ್ಲಿ ಹಿಂದಿರುಗಬಹುದು.