ಕರ್ರಗಿರುವ ಹುಡುಗಿಯನ್ನು ಯಂತ್ರ ಬಚ್ಚಿಡುತ್ತದೆ



ಕನ್ಯಾ ನೋಡುವ ಕೆಲಸ ಪಡಸಾಲೆ ಬಿಟ್ಟು ಮೊಬೈಲಿನೊಳಗೆ ಸೇರಿ ಬಹಳ ದಿನಗಳಾದವು. ರೋಣ, ನರಗುಂದ, ಗಜೇಂದ್ರಗಡದ ಕಡೆ ಸಂಬಂಧ ಹಚ್ಚುವ ಹಿರಿಯರು ಇನ್ನೂ ಇದ್ದಾರೆ. ಜಾತ್ರೆಯಲ್ಲಿ, ಮದುವೆ ಮನೆಯಲ್ಲಿ ‘ನಿಮ್ಮ ಕಡೆ ಕನ್ಯಾ ಅದಾವೇನ್ರಿ’ ಎಂದು ಕೇಳುವವರೂ ಇದ್ದಾರೆ. ಆದರೆ ಅವರೂ ಈಗ ಕೊನೆಗೆ ಹೇಳುವ ಮಾತು ‘ಫೋಟೋ, ಬಯೋಡಾಟಾ ವಾಟ್ಸಾಪ್ ಮಾಡ್ರಿ’ ಎಂಬುದೇ. ಮಕ್ಕಳು ಓದಿ ಹುಬ್ಬಳ್ಳಿ, ಬೆಂಗಳೂರು ಸೇರಿದ ಮನೆಗಳಲ್ಲಂತೂ ಮದುವೆ ಆ್ಯಪ್‌ಗಳೇ ದಲ್ಲಾಳಿಗಳಾಗಿವೆ. ದಲ್ಲಾಳಿಗೆ ಜಾತಿಯುಂಟು, ಮುಖದಾಕ್ಷಿಣ್ಯವುಂಟು, ಯಂತ್ರಕ್ಕೆ ಅದೇನೂ ಇಲ್ಲ, ಅದು ಎಲ್ಲರನ್ನೂ ಸಮನಾಗಿ ತೋರಿಸುತ್ತದೆ ಎಂದು ಅನೇಕರು ನಂಬಿದ್ದಾರೆ. ಈ ನಂಬಿಕೆ ಸರಿಯಲ್ಲ ಎಂದು ತಿಳಿಸಲು ಈ ಲೇಖನ ಬರೆಯುತ್ತಿದ್ದೇನೆ.

ಕಾಲೇಜಿನಲ್ಲಿ ಸಮಾಜಶಾಸ್ತ್ರ ಪಾಠ ಹೇಳಿ ನಿವೃತ್ತಳಾದವಳು ನಾನು. ಚೆನ್ನಾಗಿ ಓದಿದ ಹುಡುಗಿಯರ ಮದುವೆ ಮಾತು ಬಣ್ಣದ ಹತ್ತಿರ ಬಂದು ನಿಂತುಬಿಡುವುದನ್ನು ಎಷ್ಟೋ ಸಲ ಕಂಡಿದ್ದೇನೆ. ‘ಹುಡುಗಿ ಶಾಣ್ಯಾ ಅದಾಳ, ಆದ್ರ ಸ್ವಲ್ಪ ಕರ್ರಗದಾಳ.’ ಆ ‘ಆದ್ರ’ ಎಂಬ ಒಂದು ಮಾತಿಗೆ ತವರಿನವರು ಎರಡು ತೊಲೆ ಬಂಗಾರ ಹೆಚ್ಚು ಕೊಡಬೇಕಾಗುತ್ತದೆ. ಹುಂಡಾ ಎನ್ನಿ, ವರೋಪಚಾರ ಎನ್ನಿ, ವರದಕ್ಷಿಣೆ ಎನ್ನಿ, ಹೆಣ್ಣಿನ ಮೈಬಣ್ಣಕ್ಕೆ ಕಟ್ಟಿದ ದಂಡ ಅದರೊಳಗೆ ಸೇರಿಕೊಂಡಿರುತ್ತದೆ. ಅಷ್ಟು ಕೊಟ್ಟ ಮೇಲೂ ಗಂಡನ ಮನೆಯಲ್ಲಿ ಆ ಮಾತು ಮುಗಿಯುವುದಿಲ್ಲ. ಮೊದಲು ಹಂಗಿನ ಮಾತು, ಆಮೇಲೆ ಹೊಡೆತ. ಆದ್ದರಿಂದ ಬಣ್ಣದ ಪ್ರಶ್ನೆ ನಮಗೆ ಅಂದಚಂದದ ಪ್ರಶ್ನೆಯಲ್ಲ, ದೌರ್ಜನ್ಯದ ಪ್ರಶ್ನೆ.

ಈಗ ಆ್ಯಪ್ ಹೇಗೆ ಕೆಲಸ ಮಾಡುತ್ತದೆ ನೋಡೋಣ. ಮೊದಲು ಒಂದು ಫಾರ್ಮ್ ತುಂಬಿಸಿಕೊಳ್ಳುತ್ತದೆ. ವಯಸ್ಸು, ಓದು, ಸಂಬಳ, ಜಾತಿ, ಒಳಜಾತಿ ಎಲ್ಲವನ್ನೂ ಕೇಳುತ್ತದೆ. ನಂತರ ಎಂಥವರು ಬೇಕು ಎಂದು ಕೇಳುತ್ತದೆ. ನೀವು ಬೇಡವೆಂದವರನ್ನು ಬದಿಗೆ ಸರಿಸುತ್ತದೆ. ಇದು ಕಣ್ಣಿಗೆ ಕಾಣುವ ಜರಡಿ. ಕಾಣದ ಜರಡಿ ಇನ್ನೊಂದಿದೆ. ಯಾರ ಫೋಟೋದ ಮೇಲೆ ಹೆಚ್ಚು ಜನ ಬೆರಳಿಟ್ಟರು, ಯಾರನ್ನು ನೋಡದೇ ದಾಟಿದರು ಎಂಬುದನ್ನು ಯಂತ್ರ ಲೆಕ್ಕವಿಡಬಲ್ಲದು. ಈ ಲೆಕ್ಕದ ಸೂತ್ರಕ್ಕೆ ಆಲ್ಗಾರಿದಮ್ ಎನ್ನುತ್ತಾರೆ. ಸೀರೆ ಅಂಗಡಿಯವರು ಹೆಚ್ಚು ಬೇಡಿಕೆಯ ಸೀರೆಯನ್ನು ಕೈಗೆ ಸಿಗುವಂತೆ ಮುಂದಿಟ್ಟು, ಕೇಳದ ಸೀರೆಯನ್ನು ಗಂಟು ಕಟ್ಟಿ ಅಟ್ಟಕ್ಕೆ ಹಾಕುತ್ತಾರಲ್ಲ, ಇದೂ ಹಾಗೆಯೇ. ಕರ್ರಗಿರುವ ಹುಡುಗಿಯರ ಫೋಟೋಗಳನ್ನು ಜನ ದಾಟುತ್ತ ಹೋದರೆ, ಹೀಗೆ ಲೆಕ್ಕವಿಡುವ ಯಂತ್ರ ಅವರನ್ನು ಪಟ್ಟಿಯ ಕೆಳಗೆ ತಳ್ಳುತ್ತದೆ. ಕೆಳಗಿದ್ದವರು ಇನ್ನಷ್ಟು ಕಡಿಮೆ ಜನರ ಕಣ್ಣಿಗೆ ಬೀಳುತ್ತಾರೆ. ‘ಬಣ್ಣ ನೋಡು’ ಎಂದು ಅದಕ್ಕೆ ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ.

ಪಡಸಾಲೆಯಲ್ಲಿ ಬೇಡವೆಂದವರ ಮುಖವಾದರೂ ಕಾಣುತ್ತಿತ್ತು. ‘ಯಾಕ್ರಿ ಬ್ಯಾಡಂತೀರಿ’ ಎಂದು ಒಬ್ಬ ಸೋದರತ್ತೆಯಾದರೂ ಜಗಳ ತೆಗೆಯಬಹುದಿತ್ತು. ಮೊಬೈಲಿನಲ್ಲಿ ಹುಡುಗಿಯನ್ನು ತೋರಿಸಿಯೇ ಇರುವುದಿಲ್ಲ. ಬೇಡವೆಂದವರು ಯಾರು ಎಂಬುದೇ ಅವಳಿಗೆ ತಿಳಿಯುವುದಿಲ್ಲ. ಯಾರೂ ಕೇಳಿ ಬರಲಿಲ್ಲ ಎಂದು ಮನೆಯವರು ಅವಳ ಹಣೆಬರಹಕ್ಕೆ ಬೈದು, ಹುಂಡಾ ಏರಿಸುತ್ತಾರೆ.

ಇದು ನಮ್ಮ ದೇಶದ್ದಷ್ಟೇ ರೋಗವಲ್ಲ. ಅಮೆರಿಕದ ಓಕೆಕ್ಯುಪಿಡ್ ಎಂಬ ಜೊತೆಗಾರರನ್ನು ಹುಡುಕುವ ತಾಣ 2014ರಲ್ಲಿ ತನ್ನದೇ ಅಂಕಿಅಂಶ ಪ್ರಕಟಿಸಿತು. ಅಲ್ಲಿ ಇತರ ಜನಾಂಗಗಳ ಗಂಡಸರು ಕಪ್ಪು ಮಹಿಳೆಯರಿಗೆ ಸರಾಸರಿಗಿಂತ ಕಡಿಮೆ ಅಂಕ ಕೊಟ್ಟಿದ್ದರು. ಅವರಲ್ಲಿ ಜನಾಂಗ, ನಮ್ಮಲ್ಲಿ ಬಣ್ಣ ಮತ್ತು ಜಾತಿ.

ನಮ್ಮ ಶಾದಿ ಡಾಟ್ ಕಾಮ್ ತಾಣದಲ್ಲಿ ಮೈಬಣ್ಣ ಆರಿಸುವ ಜರಡಿ 2020ರವರೆಗೂ ಇತ್ತು. ಆ ವರ್ಷ ಜೂನ್ ತಿಂಗಳಲ್ಲಿ ಉತ್ತರ ಅಮೆರಿಕದಲ್ಲಿರುವ ನಮ್ಮ ಮೂಲದ ಒಬ್ಬ ಯುವತಿ ಇದನ್ನು ಪ್ರಶ್ನಿಸಿದಳು. ಹೆಚ್ಚಿನ ತಂದೆತಾಯಿಗಳಿಗೆ ಇದು ಬೇಕು ಎಂಬ ಉತ್ತರ ಬಂತು. ಡಲ್ಲಾಸ್ ನಗರದ ಇನ್ನೊಬ್ಬ ಮಹಿಳೆ ಇಂಟರ್‌ನೆಟ್ಟಿನಲ್ಲಿ ಸಹಿ ಸಂಗ್ರಹ ಆರಂಭಿಸಿದಳು. ಒಂದು ದಿನ ತುಂಬುವುದರೊಳಗೆ 1,500ಕ್ಕೂ ಹೆಚ್ಚು ಸಹಿಗಳು ಬಿದ್ದವು, ಕಂಪನಿ ಆ ಜರಡಿಯನ್ನು ತೆಗೆಯಿತು. ಅದೇ ದಿನಗಳಲ್ಲಿ ಹಿಂದೂಸ್ತಾನ್ ಯೂನಿಲಿವರ್ ತನ್ನ ‘ಫೇರ್ ಅಂಡ್ ಲವ್ಲಿ’ಯ ಹೆಸರಿನಿಂದ ‘ಫೇರ್’ ಎಂಬ ಪದ ಕೈಬಿಟ್ಟಿತು. ಹೆಸರು ಬದಲಾಯಿತು, ಜರಡಿ ಹೋಯಿತು. ಆದರೆ ಫೋಟೋ ಇದ್ದೇ ಇದೆಯಲ್ಲ? ಬಣ್ಣ ನೋಡಿ ದಾಟುವ ಬೆರಳೂ ಇದೆ.

ಜಾತಿಯ ಕಾಲಂ ಅಂತೂ ಎಲ್ಲಿಗೂ ಹೋಗಿಲ್ಲ. 2020ರಲ್ಲೇ ಬ್ರಿಟನ್ನಿನ ಸಂಡೇ ಟೈಮ್ಸ್ ಪತ್ರಿಕೆ ಅದೇ ತಾಣದ ಬಗ್ಗೆ ಒಂದು ವರದಿ ಮಾಡಿತು. ಬ್ರಾಹ್ಮಣರೆಂದು ಹೆಸರು ನೋಂದಾಯಿಸಿದವರಿಗೆ ಪರಿಶಿಷ್ಟ ಜಾತಿಯವರ ವಿವರಗಳು ತಾನಾಗಿ ಬರುತ್ತಿರಲಿಲ್ಲ, ಆಯ್ಕೆಯನ್ನು ತಾವೇ ಬದಲಿಸಿದರೆ ಮಾತ್ರ ಕಾಣುತ್ತಿದ್ದವು ಎಂಬುದು ಅದರ ಸಾರ. ಹರಳಯ್ಯನ ಮಗನಿಗೆ ಮಧುವರಸನ ಮಗಳನ್ನು ಕೊಟ್ಟ ಕಥೆಯನ್ನು ಭಕ್ತಿಯಿಂದ ಕೇಳುವ ನಾಡು ನಮ್ಮದು. ಆದರೂ ಶರಣರ ಹೆಸರು ಹೇಳುವವರು ಕೂಡ ಮೊಬೈಲಿನಲ್ಲಿ ಒಳಪಂಗಡ ಹುಡುಕಿಯೇ ಮುಂದೆ ಹೋಗುತ್ತಾರೆ.

ಜಾತಿಯನ್ನೇ ಮೊದಲ ಪ್ರಶ್ನೆಯಾಗಿ ಕೇಳುವ ಮನಸ್ಸು ಎಲ್ಲಿಗೆ ಮುಟ್ಟಬಹುದು ಎಂಬುದನ್ನು ನಾವು ಹತ್ತಿರದಿಂದಲೇ ಕಂಡಿದ್ದೇವೆ. 2019ರ ನವೆಂಬರಿನಲ್ಲಿ ಗಜೇಂದ್ರಗಡ ತಾಲೂಕಿನ ಹಳ್ಳಿಯೊಂದರಲ್ಲಿ, ಜಾತಿ ಮೀರಿ ಮದುವೆಯಾಗಿದ್ದ ಗಂಡ ಹೆಂಡತಿಯನ್ನು ಹೆಣ್ಣಿನ ಕಡೆಯವರೇ ಕೊಂದರು. 2025ರ ಜನವರಿಯಲ್ಲಿ ಗದಗಿನ ನ್ಯಾಯಾಲಯ ನಾಲ್ವರಿಗೆ ಮರಣದಂಡನೆ ವಿಧಿಸಿತು. ಆ ಕೊಲೆಗೆ ಯಾವ ಆ್ಯಪ್ ಕೂಡ ಕಾರಣವಲ್ಲ. ಆದರೆ ‘ನಮ್ಮವರಲ್ಲದವರು ಕಣ್ಣಿಗೇ ಬೀಳಬಾರದು’ ಎಂಬ ಮನಸ್ಸಿಗೆ ದಿನಾ ನೀರೆರೆಯುವ ಯಂತ್ರವನ್ನು ನಾವು ದುಡ್ಡು ಕೊಟ್ಟು ಮನೆಯೊಳಗೆ ಇಟ್ಟುಕೊಳ್ಳುತ್ತಿದ್ದೇವೆ.

ಕೆಲವರು ಕೇಳಬಹುದು, ಮೆಚ್ಚುವುದು ಬಿಡುವುದು ಅವರವರ ಇಷ್ಟವಲ್ಲವೇ ಎಂದು. ಹೌದು, ಯಾರನ್ನು ಮದುವೆಯಾಗಬೇಕು ಎಂಬುದು ಆ ಹುಡುಗ ಹುಡುಗಿಯ ಇಷ್ಟ. ನಾವು ಹೋರಾಡಿದ್ದೂ ಅದಕ್ಕಾಗಿಯೇ. ಆದರೆ ಹುಡುಗಿ ನೋಡುವುದಕ್ಕೂ ಮೊದಲೇ ಅವಳ ಪರವಾಗಿ ಕಂಪನಿಯೊಂದು ಆರಿಸಿ ಇಟ್ಟರೆ ಇಷ್ಟ ಎಲ್ಲಿ ಉಳಿಯಿತು? ನೋಡಿಯೇ ಇಲ್ಲದವರನ್ನು ಮೆಚ್ಚುವುದು ಹೇಗೆ?

ಹಾಗಾದರೆ ಸಂಘದ ಮಹಿಳೆಯರು ಏನು ಮಾಡಬಹುದು? ನನಗೆ ತೋಚಿದ್ದನ್ನು ಹೇಳುತ್ತೇನೆ.

ಮದುವೆಯಾಗುವ ಹುಡುಗಿಯೇ ತನ್ನ ಫಾರ್ಮ್ ತುಂಬಲಿ. ಅಣ್ಣನೋ ಮಾವನೋ ತುಂಬಿ ‘ಹುಡುಗಿ ಕೆಂಪಗದಾಳ’ ಎಂದು ಬರೆಯುವುದು ನಿಲ್ಲಲಿ. ಫೋಟೋವನ್ನು ಮೊಬೈಲಿನಲ್ಲಿ ಬಿಳಿ ಮಾಡಿ ಕಳಿಸಬೇಡಿ. ಮದುವೆಯಾದ ಮೇಲೆ ‘ಫೋಟೋದಾಗ ಹಿಂಗ ಇರಲಿಲ್ಲ’ ಎಂಬ ಮಾತಿಗೆ ಅದೇ ನೆಪವಾಗುತ್ತದೆ.

ಜಾತಿಯ ಆಯ್ಕೆಯನ್ನು ಬಿಚ್ಚಿಡಿ. ಕಡೇ ಪಕ್ಷ ಒಳಪಂಗಡದ ಬೇಲಿಯನ್ನಾದರೂ ಕಿತ್ತುಹಾಕಿ ನೋಡಿ, ಪಟ್ಟಿ ಹೇಗೆ ಬೆಳೆಯುತ್ತದೆ ಎಂಬುದು ನಿಮಗೇ ತಿಳಿಯುತ್ತದೆ. ಗಂಡುಮಕ್ಕಳ ತಾಯಂದಿರಿಗೆ ಈ ಮಾತನ್ನು ಎರಡು ಸಲ ಹೇಳುತ್ತೇನೆ. ಬೆರಳು ನಿಮ್ಮ ಮನೆಯದೂ ಹೌದು.

ಆ್ಯಪ್‌ನಲ್ಲಾಗಲಿ ವಾಟ್ಸಾಪ್‌ನಲ್ಲಾಗಲಿ ಯಾರಾದರೂ ಹಣ, ಬಂಗಾರ, ಪ್ಲಾಟು ಕೇಳಿದರೆ ಆ ಸಂದೇಶ ಅಳಿಸಬೇಡಿ, ಅದು ಸಾಕ್ಷಿ. 1961ರ ವರದಕ್ಷಿಣೆ ನಿಷೇಧ ಕಾಯ್ದೆಯ ಪ್ರಕಾರ ವರದಕ್ಷಿಣೆ ಕೇಳುವುದೇ ಅಪರಾಧ. ಮದುವೆಗೆ ಪ್ರತಿಯಾಗಿ ಹಣ, ಆಸ್ತಿ ಕೊಡುತ್ತೇವೆಂದು ಪತ್ರಿಕೆಯಲ್ಲಾಗಲಿ ಬೇರೆ ಯಾವುದೇ ಮಾಧ್ಯಮದಲ್ಲಾಗಲಿ ಜಾಹೀರಾತು ಹಾಕುವುದನ್ನೂ ಅದರ 4ಎ ಕಲಂ ನಿಷೇಧಿಸುತ್ತದೆ. ಅದಕ್ಕೆ ಆರು ತಿಂಗಳಿಂದ ಐದು ವರ್ಷದವರೆಗೆ ಸೆರೆಮನೆ, ಇಲ್ಲವೇ 15,000 ರೂಪಾಯಿವರೆಗೆ ದಂಡ ಉಂಟು. ತೊಂದರೆಯಲ್ಲಿದ್ದವರು 181ಕ್ಕೆ ಫೋನ್ ಮಾಡಬಹುದು.

ಬಣ್ಣದ ಹಂಗಿನ ಮಾತನ್ನು ಸಹಿಸಿಕೊಳ್ಳಿ ಎಂದು ಯಾವ ಹೆಣ್ಣಿಗೂ ಬುದ್ಧಿ ಹೇಳಬೇಡಿ. 2023ರಲ್ಲಿ ನಮ್ಮ ಹೈಕೋರ್ಟ್ ಒಂದು ಪ್ರಕರಣದಲ್ಲಿ, ಗಂಡನನ್ನು ಕಪ್ಪು ಎಂದು ಹೆಂಡತಿ ಹೀಯಾಳಿಸಿದ್ದು ಕ್ರೌರ್ಯವೆಂದು ಹೇಳಿ ಅವನಿಗೆ ವಿಚ್ಛೇದನ ಕೊಟ್ಟಿತು. ಗಂಡಸಿಗೆ ಕ್ರೌರ್ಯವಾದ ಮಾತು ಹೆಂಗಸಿಗೂ ಕ್ರೌರ್ಯವೇ. ಇದನ್ನು ನೆನಪಿಟ್ಟುಕೊಂಡು ಪಂಚಾಯ್ತಿ ಕಟ್ಟೆಯಲ್ಲೂ ಹೇಳಿ.

ಕೊನೆಯದಾಗಿ, ಸಹಿಯ ಶಕ್ತಿ. ಅಲ್ಲಿ ಒಂದು ಜರಡಿ ತೆಗೆಸಲು ಬೇಕಾದದ್ದು ಸಾವಿರದೈನೂರು ಸಹಿ. ಹದಿನೈದು ಮಂದಿಯ ಸಂಘ ಎಂದುಕೊಂಡರೆ ನೂರು ಸಂಘ ಸೇರಿದರೆ ಅಷ್ಟಾಯಿತು. ನಮ್ಮ ಮೂರು ತಾಲೂಕುಗಳಲ್ಲಿ ಅದೇನು ದೊಡ್ಡ ಮಾತೇ? ವಾರದ ಸಭೆಯಲ್ಲಿ ಉಳಿತಾಯದ ಪುಸ್ತಕ ಮುಚ್ಚಿದ ಮೇಲೆ ಹತ್ತು ನಿಮಿಷ ಇದಕ್ಕೆ ಕೊಡಿ. ಜಾತಿಯ ಕಾಲಂ ತುಂಬಲೇಬೇಕೆಂಬ ಒತ್ತಾಯ ಏಕೆ, ನಾವು ಕೇಳದೆಯೇ ಯಾರನ್ನು ಬಚ್ಚಿಡುತ್ತೀರಿ, ಯಾವ ಲೆಕ್ಕದ ಮೇಲೆ ನಮ್ಮ ಹುಡುಗಿಯರನ್ನು ಹಿಂದೆ ಮುಂದೆ ಮಾಡುತ್ತೀರಿ ಎಂಬ ಮೂರು ಪ್ರಶ್ನೆಗಳನ್ನು ಕನ್ನಡದಲ್ಲೇ ಬರೆದು, ಎಲ್ಲರೂ ಸಹಿ ಮಾಡಿ ಮದುವೆ ಕಂಪನಿಗಳಿಗೆ ಕಳಿಸೋಣ. ಎಲ್ಲೋ ಕುಳಿತು ಹಾಕಿದ ಕರದ ಲೆಕ್ಕವನ್ನು 1980ರಲ್ಲಿ ನರಗುಂದದ ರೈತರು ಒಪ್ಪಲಿಲ್ಲ. ನಮ್ಮ ಹೆಣ್ಣುಮಕ್ಕಳ ಮೈಬಣ್ಣಕ್ಕೆ ಎಲ್ಲೋ ಕುಳಿತು ಹಾಕುವ ಲೆಕ್ಕವನ್ನು ನಾವೂ ಒಪ್ಪುವುದು ಬೇಡ.