ಯಾರ ನಡವಳಿಕೆಯನ್ನು ಅಳೆಯಬೇಕು?

ದುಡಿಯುವ ಜಾಗದಲ್ಲಿ ಮನುಷ್ಯ ಹೇಗೆ ನಡೆದುಕೊಳ್ಳುತ್ತಾನೆಂದು ಅಭ್ಯಾಸ ಮಾಡುವ ಶಾಸ್ತ್ರವೇ ಒಂದಿದೆ. ಆಡಳಿತ ನಡೆಸುವವರು ಅದನ್ನು ಕಾಲೇಜಿನಲ್ಲಿ ಕಲಿತು ಬರುತ್ತಾರೆ. ಆದರೆ ಯಾರ ಮೇಲೆ ಆ ಅಭ್ಯಾಸ ನಡೆಯುತ್ತದೆಯೋ ಆ ಕಾರ್ಮಿಕನಿಗೆ ಅದರ ಸುದ್ದಿಯೇ ಮುಟ್ಟುವುದಿಲ್ಲ. ಮುಟ್ಟಬೇಕೆಂದು ನಾವು ಇದನ್ನು ಬರೆಯುತ್ತಿದ್ದೇವೆ.

ಅಮೆರಿಕದ ಷಿಕಾಗೊ ಬಳಿ ಹಾಥಾರ್ನ್ ಎಂಬಲ್ಲಿ ಟೆಲಿಫೋನ್ ಸಾಮಾನು ಮಾಡುವ ದೊಡ್ಡ ಕಾರ್ಖಾನೆಯಿತ್ತು. 1924ರಿಂದ ಅಲ್ಲಿ ಪರೀಕ್ಷೆಗಳು ನಡೆದವು. ದೀಪದ ಬೆಳಕು ಹೆಚ್ಚಿಸಿದರು, ಉತ್ಪಾದನೆ ಏರಿತು. ತಗ್ಗಿಸಿದರು, ಆಗಲೂ ಏರಿತು. ಕಾರ್ಮಿಕರತ್ತ ಗಮನ ಕೊಟ್ಟರೆ ಕೆಲಸ ತಾನಾಗಿ ಹೆಚ್ಚುತ್ತದೆ ಎಂದು ಪಂಡಿತರು ಸಾರಿದರು.

ಇದು ಅರ್ಧ ನಿಜ. ಉಳಿದರ್ಧವನ್ನೂ ಕೇಳಿ. 1927ರಿಂದ ಬೇರೆ ಕೋಣೆಯಲ್ಲಿ ಕೂರಿಸಿ ಪರೀಕ್ಷಿಸಿದ ಹೆಣ್ಣುಮಕ್ಕಳಿಗೆ ಬಿಡುವು ಕೊಟ್ಟಿದ್ದರು, ಕೂಲಿಯ ಲೆಕ್ಕವನ್ನೂ ಅನುಕೂಲವಾಗಿ ಬದಲಿಸಿದ್ದರು. ಮಾತು ಹೆಚ್ಚಾಯಿತೆಂದು ಇಬ್ಬರನ್ನು ಹೊರಗೆ ಕಳುಹಿಸಿ ಬೇರೆಯವರನ್ನು ತಂದಿದ್ದರು! 1931ರಲ್ಲಿ 14 ಗಂಡಸರ ಗುಂಪನ್ನು ಗಮನಿಸಿದಾಗ, ದಿನಕ್ಕೆ ಇಷ್ಟೇ ಕೆಲಸವೆಂದು ಅವರೇ ಗೆರೆ ಎಳೆದುಕೊಂಡದ್ದು ಕಂಡಿತು. ಅದು ಮೈಗಳ್ಳತನವಲ್ಲ. ಹೆಚ್ಚು ಮಾಡಿದರೆ ದರ ಇಳಿಸಿಯಾರು, ಜೊತೆಗಾರನ ಕೆಲಸ ಹೋದೀತು ಎಂಬ ಭಯ.

ಈ ಭಯ ನಮಗೆ ಹೊಸದೇ? ನಮ್ಮ ನೆರೆಯ ಶ್ರೀರಂಗಪಟ್ಟಣದಲ್ಲಿ 2020ರ ಜೂನ್‌ನಲ್ಲಿ ಒಂದು ಸಿದ್ಧ ಉಡುಪು ಕಾರ್ಖಾನೆ 1,200ಕ್ಕೂ ಹೆಚ್ಚು ಕಾರ್ಮಿಕರನ್ನು ಮನೆಗೆ ಕಳುಹಿಸಿತು. ಅದೇ ವರ್ಷ ಡಿಸೆಂಬರ್ 12ರಂದು ಕೋಲಾರ ಜಿಲ್ಲೆಯ ನರಸಾಪುರದ ವಿಸ್ಟ್ರಾನ್ ಕಾರ್ಖಾನೆಯಲ್ಲಿ ಗಾಜು ಪುಡಿಯಾಯಿತು. ಎಲ್ಲರೂ ಕಾರ್ಮಿಕರ ನಡವಳಿಕೆಯನ್ನು ಹಳಿದರು. ಒಂದು ವಾರದಲ್ಲಿ, ಕೆಲವರಿಗೆ ಸಂಬಳ ಸರಿಯಾಗಿ ಸಂದಿರಲಿಲ್ಲವೆಂದು ಕಂಪನಿಯೇ ಒಪ್ಪಿ ಕ್ಷಮೆ ಕೇಳಿತು. ಒಡೆದದ್ದನ್ನು ನಾವು ಸಮರ್ಥಿಸುವುದಿಲ್ಲ. ಆದರೆ ಸಂಬಳದ ಪುಸ್ತಕವನ್ನು ಮುಚ್ಚಿಟ್ಟು ಮನುಷ್ಯನ ಮನಸ್ಸನ್ನು ಓದಲು ಹೊರಟರೆ ಆ ಓದು ಸುಳ್ಳಾಗುತ್ತದೆ.

2023ರಲ್ಲಿ ನಮ್ಮ ರಾಜ್ಯದ ತಿದ್ದುಪಡಿಯೊಂದು ದಿನಕ್ಕೆ 12 ಗಂಟೆಯ ದುಡಿಮೆಗೆ ದಾರಿ ತೆರೆಯಿತು. ಕಾರ್ಮಿಕನ ಲಿಖಿತ ಒಪ್ಪಿಗೆ ಬೇಕೆಂದಿತು. ಕೆಲಸ ಹೋದೀತೆಂಬ ಹೆದರಿಕೆಯಲ್ಲಿ ಹಾಕಿದ ರುಜು ಒಪ್ಪಿಗೆಯೇ? ಶಾಸ್ತ್ರಜ್ಞರು ಇದಕ್ಕೆ ಉತ್ತರ ಹೇಳಲಿ.

ಕೃಷ್ಣರಾಜಪೇಟೆಯ ಅಂಗಡಿ ಬಂಧುಗಳಿಗೂ ಇದು ದೂರದ ಮಾತಲ್ಲ. ಸಂಬಳ ತಡವಾದ ತಿಂಗಳು ಮೊದಲು ತುಂಬುವುದು ನಿಮ್ಮ ಉದ್ದರಿ ಪುಸ್ತಕ.

ಕಬ್ಬು ಅರೆಯುವ ಗಿರಣಿಯಿರಲಿ, ಗಾರ್ಮೆಂಟ್ಸ್ ಇರಲಿ, ಅಭ್ಯಾಸ ನಡೆಯಲಿ. ಆದರೆ ಕಾರ್ಮಿಕನನ್ನು ಅಳೆಯುವ ಕೋಲಿನಿಂದಲೇ ಮೇಲ್ವಿಚಾರಕನನ್ನೂ ಮಾಲೀಕನನ್ನೂ ಅಳೆಯಬೇಕು. ಕೋಲು ಹಿಡಿಯುವಾಗ ಕಾರ್ಮಿಕ ಸಂಘದ ಕೈಯೂ ಅದರ ಮೇಲಿರಬೇಕು.